ಮತ್ತೆ ರಿಲೇ ಯಾಕೆ ಬದಲಾಯಿಸಿದ್ರಿ?

ಕಳೆದ ಭಾನುವಾರ ಸಂಜೆ ಉಜಿರೆಯಿಂದ ಮರಳುವಾಗ ಚಾರ್ಮಾಡಿ ಘಾಟಿಯ ತಿರುವೊಂದರಲ್ಲಿ ಕಾರಿನ ಹಿಂದಿನ ಚಕ್ರ ಪಂಕ್ಚರ್ ಆಯಿತು. ಹತ್ತು ಮಾರು ಆಚೆಗಿನ ತಡೆಗೋಡೆಯೂ ಕಾಣದಷ್ಟು ಮಂಜು. ಕೆಂಪು ತ್ರಿಕೋನದ ಗುಂಡಿಯನ್ನು ಒತ್ತಿದರೆ ನಾಲ್ಕು ದೀಪಗಳಲ್ಲಿ ಒಂದೂ ಹೊತ್ತಲಿಲ್ಲ, ಟಿಕ್ ಟಿಕ್ ಸದ್ದೂ ಬರಲಿಲ್ಲ. ಚಕ್ರ ಬದಲಾಯಿಸಿ ಮುಗಿಯುವವರೆಗೆ ಮಗ ಮೊಬೈಲಿನ ಟಾರ್ಚ್ ಹಿಡಿದು ಹಿಂದಿನ ತಿರುವಿನಲ್ಲಿ ನಿಂತಿದ್ದ. ನಮ್ಮನ್ನು ದಾಟಿಹೋದ ಕಾರುಗಳಲ್ಲಿ ಹೆಚ್ಚಿನವು ನನ್ನಲ್ಲಿ ಸತ್ತುಹೋಗಿದ್ದ ಅದೇ ಹಜಾರ್ಡ್ ದೀಪಗಳನ್ನು ಓಡುತ್ತಲೇ ಮಿನುಗಿಸಿಕೊಂಡು ಹೋದವು. ನಿಂತ ವಾಹನಕ್ಕೆಂದು ಇರುವ ದೀಪವನ್ನು ಓಡುವಾಗ ಹಾಕಿದರೆ ಮುಂದಿನ ಗಾಡಿ ನಿಂತಿದೆಯೋ, ಎತ್ತ ತಿರುಗುತ್ತದೋ ಹಿಂದಿನವನಿಗೆ ತಿಳಿಯುವುದು ಹೇಗೆ ಎಂದು ಆ ಆತಂಕದಲ್ಲೂ ನನಗೆ ಸಿಟ್ಟು ಬಂದದ್ದು ನಿಜ.

ಮರುದಿನ ಮನೆಯಲ್ಲಿ ನೋಡಿದೆ. ಎಡ ಬಲ ಇಂಡಿಕೇಟರ್‌ಗಳು ಸರಿಯಾಗಿಯೇ ಇದ್ದವು. ಫ್ಯೂಸ್ ಸುಟ್ಟಿರಲಿಲ್ಲ. ಹಜಾರ್ಡ್ ಸ್ವಿಚ್ಚಿನ ಪ್ಲಗ್ಗಿಗೆ ಮಲ್ಟಿಮೀಟರ್ ಇಟ್ಟರೆ 12.4 ವೋಲ್ಟ್ ತೋರಿಸಿತು. ಕರೆಂಟು ಬರುತ್ತಿದೆ, ಆದ್ದರಿಂದ ದೀಪಗಳನ್ನು ಮಿನುಗಿಸುವ ಫ್ಲ್ಯಾಷರ್ ರಿಲೇ ಹೋಗಿದೆ ಎಂದು ತೀರ್ಮಾನಿಸಿ, 480 ರೂಪಾಯಿ ಕೊಟ್ಟು ಹೊಸದನ್ನು ಹಾಕಿದೆ. ಏನೂ ಆಗಲಿಲ್ಲ. ಗ್ಯಾರೇಜೊಂದರಲ್ಲಿ ಬಾನೆಟ್ಟನ್ನೂ ಎತ್ತದೆ, ಇಡೀ ವೈರಿಂಗ್ ಬಿಚ್ಚಬೇಕು, ಒಂಬತ್ತು ಸಾವಿರ ಆದೀತು ಎಂದರು.

ಕೊನೆಗೆ ಮೂಡಿಗೆರೆಯ ಹಳೆಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರ ಬಳಿ ಹೋದೆ. ಅವರು ಕಾರನ್ನು ಮುಟ್ಟುವ ಮೊದಲು ಕೇಳಿದ್ದು ಎರಡೇ ಪ್ರಶ್ನೆ.

"ಇಂಡಿಕೇಟರ್ ಎರಡೂ ಕಡೆ ಹೊಡೀತದಾ ಮೇಷ್ಟ್ರೇ?"

"ಹೊಡೀತದೆ."

"ಮತ್ತೆ ರಿಲೇ ಯಾಕೆ ಬದಲಾಯಿಸಿದ್ರಿ?"

ನನ್ನ ಬಳಿ ಉತ್ತರವಿರಲಿಲ್ಲ. ಈ ಕಾರಿನಲ್ಲಿ ಇಂಡಿಕೇಟರ್‌ಗೂ ಹಜಾರ್ಡ್‌ಗೂ ಇರುವುದು ಒಂದೇ ರಿಲೇ, ಅವೇ ಬಲ್ಬುಗಳು. ಒಂದು ಕೆಲಸ ಮಾಡುತ್ತಿದ್ದರೆ ಇವೆರಡನ್ನೂ ಅನುಮಾನಿಸುವ ಅಗತ್ಯವೇ ಇಲ್ಲ. ಬೇರೆಯಾಗಿರುವುದು ಕರೆಂಟು ಬರುವ ದಾರಿ ಮಾತ್ರ: ಇಂಡಿಕೇಟರ್‌ಗೆ ಕೀ ಮೂಲಕ, ಹಜಾರ್ಡ್‌ಗೆ ಕೀ ತೆಗೆದರೂ ಉರಿಯಬೇಕಾದ್ದರಿಂದ ಬ್ಯಾಟರಿಯಿಂದ ನೇರವಾಗಿ, ತನ್ನದೇ ಫ್ಯೂಸಿನ ಮೂಲಕ. ಮಾತನಾಡುತ್ತಲೇ ಅವರು ವೈರಿಗೆ ಕಟ್ಟಿದ 21 ವ್ಯಾಟಿನ ಹಳೆಯ ಬಲ್ಬೊಂದನ್ನು ಸ್ವಿಚ್ಚಿನ ಅದೇ ಪ್ಲಗ್ಗಿಗೆ ಹಿಡಿದರು. ಅದು ಮಿಣುಕುಹುಳದಷ್ಟೂ ಬೆಳಗಲಿಲ್ಲ. ನನ್ನ ಮೀಟರು 12.4 ಎಂದದ್ದು ಇಲ್ಲಿಯೇ. ಫ್ಯೂಸ್ ಕಿತ್ತು ನೋಡಿದರೆ ಅದು ಕೂರುವ ಗೂಡಿನ ಒಂದು ಕಾಲಿಗೆ ಹಸಿರು ಕಿಲುಬು ಹಿಡಿದಿತ್ತು. ಗಾಜಿನ ಅಂಚಿನಿಂದ ಸೋರಿದ ಮಳೆನೀರಿನ ಕೆಲಸ ಅದು. ಮೀಟರಿಗೆ ಬೇಕಾದದ್ದು ಇಲ್ಲವೆನ್ನುವಷ್ಟು ಕಡಿಮೆ ಕರೆಂಟು, ಅಷ್ಟು ಆ ಕಿಲುಬಿನಲ್ಲೂ ತೂರಿ ಬರುತ್ತದೆ. ನಾಲ್ಕು ದೊಡ್ಡ ಬಲ್ಬುಗಳು ಸುಮಾರು 7 ಆಂಪಿಯರ್ ಎಳೆಯಲು ಹೊರಟೊಡನೆ ವೋಲ್ಟೇಜೆಲ್ಲ ಅಲ್ಲೇ ಇಂಗಿಹೋಗುತ್ತದೆ. ಕೆರೆದು, ಕಾಲನ್ನು ಬಿಗಿ ಮಾಡಿ, 150 ರೂಪಾಯಿ ತೆಗೆದುಕೊಂಡರು.

ಇಪ್ಪತ್ತೆರಡು ವರ್ಷಗಳಿಂದ ಹತ್ತನೇ ತರಗತಿಗೆ ಓಮನ ನಿಯಮ ಪಾಠ ಮಾಡುವವನು ನಾನು. ರೋಧ ಹೆಚ್ಚಿದಂತೆ ವಿಭವಾಂತರ ಎಲ್ಲಿ ಕುಸಿಯುತ್ತದೆಂದು ಹಲಗೆಯ ಮೇಲೆ ಕಣ್ಣುಮುಚ್ಚಿ ಲೆಕ್ಕ ಮಾಡಬಲ್ಲೆ. ಆದರೆ ನಾನು ಮಕ್ಕಳಿಗೆ ಕೊಟ್ಟ ಲೆಕ್ಕಗಳಲ್ಲಿ ಮಂಡಲ ಒಮ್ಮೆಯೂ ಕೆಟ್ಟದ್ದಿಲ್ಲ, ವೈರು ಒಮ್ಮೆಯೂ ಕಿಲುಬು ಹಿಡಿದದ್ದಿಲ್ಲ. ಯಾವುದು ಸರಿಯಿದೆ ಎಂಬುದರಿಂದ ಹೊರಟು ಯಾವುದು ಕೆಟ್ಟಿರಬಹುದು ಎಂಬಲ್ಲಿಗೆ ನಡೆಯುವ ಆ ದಾರಿಯನ್ನು ಪರೀಕ್ಷೆಯಲ್ಲಿ ನಾನು ಯಾರಿಗೂ ಕೇಳಿಲ್ಲ, ನನ್ನನ್ನೂ ಯಾರೂ ಕೇಳಿರಲಿಲ್ಲ. ಈ ವಾರವಿಡೀ ತರಗತಿಯಲ್ಲಿ ಸೀಮೆಸುಣ್ಣ ಕೈಗೆತ್ತಿಕೊಂಡಾಗಲೆಲ್ಲ, ಕುಹಕದ ಸುಳಿವೂ ಇಲ್ಲದೆ ಬಂದ ಆ ಪ್ರಶ್ನೆಯೇ ಕಿವಿಯಲ್ಲಿ ಮೊಳಗುತ್ತಿತ್ತು: ಮತ್ತೆ ರಿಲೇ ಯಾಕೆ ಬದಲಾಯಿಸಿದ್ರಿ?

ಹಳೆಯ ರಿಲೇಯನ್ನೇ ಮತ್ತೆ ಕೂರಿಸಿದ್ದೇನೆ. ಹೊಸದನ್ನು ಮರಳಿಸಲು ಹೋದರೆ, ಎಲೆಕ್ಟ್ರಿಕಲ್ ಸಾಮಾನು ಒಮ್ಮೆ ಹಾಕಿದ ಮೇಲೆ ವಾಪಸಿಲ್ಲ ಎಂದು ಅಂಗಡಿಯವರು ಬಿಲ್ಲಿನ ಕೆಳಗಿನ ಸಾಲನ್ನು ತೋರಿಸಿದರು. ಅದೀಗ ಡಬ್ಬಿ ಸಮೇತ ಶಾಲೆಯ ಪ್ರಯೋಗಾಲಯದ ಕಪಾಟಿನಲ್ಲಿದೆ.