ಹಳೇ ಲಿಂಕ್ ತೆರೆಯಲೇಬೇಕು

ಎಸ್ಸೆಸ್ಸೆಲ್ಸಿ ಮಕ್ಕಳಿಗೆ ನೋಟ್ಸ್, ಹಳೇ ಪ್ರಶ್ನೆಪತ್ರಿಕೆ ಕೊಡುವ ಒಂದು ಪುಟ್ಟ ವೆಬ್‌ಸೈಟನ್ನು ಶಿವಮೊಗ್ಗದಲ್ಲಿ ಕೂತು ನಾವು ಕೆಲವರು ನೋಡಿಕೊಳ್ಳುತ್ತೇವೆ. ಅದು ಇದ್ದಿದ್ದು ಡ್ರೂಪಲ್ 7ರಲ್ಲಿ, ಅಂದರೆ ವೆಬ್‌ಸೈಟ್ ನಡೆಸುವ ಒಂದು ತಂತ್ರಾಂಶದ ಹಳೇ ಆವೃತ್ತಿಯಲ್ಲಿ. 2025ರ ಜನವರಿ 5ಕ್ಕೆ ಅದರ ಬೆಂಬಲ ನಿಂತಿತು, ಸೆಕ್ಯುರಿಟಿ ಅಪ್‌ಡೇಟ್ ಇನ್ನಿಲ್ಲ. ಹಾಗಾಗಿ ಮಳೆಗಾಲದಲ್ಲಿ ಎಲ್ಲವನ್ನೂ ಅಂಥದ್ದೇ ಇನ್ನೊಂದು ತಂತ್ರಾಂಶವಾದ ವರ್ಡ್‌ಪ್ರೆಸ್‌ಗೆ ಸಾಗಿಸಿದೆವು.

ಸಾಗಿಸೋದಕ್ಕೆ ಪ್ಲಗಿನ್ (ಜೋಡಿಸಿಕೊಳ್ಳುವ ಪುಟ್ಟ ತಂತ್ರಾಂಶ) ಇದೆ. ಜೀವ ಹಿಂಡಿದ್ದು ಕನ್ನಡ. ಹಳೇ ಪಾಠಗಳೆಲ್ಲ ‘ನುಡಿ’ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದವು. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಅಷ್ಟೇ, ಕನ್ನಡದಲ್ಲಿ ಹುಡುಕಿದರೂ ಸಿಗೋದಿಲ್ಲ. ಎಲ್ಲ ಮೊಬೈಲು, ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಬದಲಿಸದೆ ಸಾಗಿಸಿ ಏನು ಪ್ರಯೋಜನ ಅಂತ ನಾನು ಹಟ ಹಿಡಿದೆ.

ನುಡಿಯ ಆ ಹಳೇ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ ತಂತ್ರಾಂಶ ಅದನ್ನು ಹಿಂದೆಮುಂದೆ ಮಾಡದೇ ಬಿಟ್ಟ ಕಡೆಯಲ್ಲೆಲ್ಲ ಸೂರ್ಯ ‘ಸೂಯರ್’ ಆಗಿದ್ದ, ಕಾರ್ಬನ್ ‘ಕಾಬರ್ನ್’ ಆಗಿತ್ತು. ಅದಕ್ಕಿಂತ ಕೆಟ್ಟದ್ದು ರಸಾಯನಶಾಸ್ತ್ರದ ಸೂತ್ರಗಳು. ಆ ಹಳೇ ಫಾಂಟು ಇಂಗ್ಲಿಷ್ ಅಕ್ಷರಗಳ ಸಂಕೇತಗಳನ್ನೇ ಕನ್ನಡಕ್ಕೂ ಬಳಸುತ್ತದೆ, ಹಾಗಾಗಿ ಸೂತ್ರದೊಳಗಿನ ಇಂಗ್ಲಿಷ್ ಅಕ್ಷರವೂ ಕನ್ನಡವೇ ಅಂದುಕೊಂಡು ಪರಿವರ್ತಕ ಅದನ್ನೂ ಬದಲಿಸಿಬಿಟ್ಟಿತ್ತು. ತೀರ್ಥಹಳ್ಳಿಯ ನಿವೃತ್ತ ವಿಜ್ಞಾನ ಮೇಷ್ಟ್ರೊಬ್ಬರು ಪಕ್ಕದಲ್ಲಿ ಕೂತು ಸಾಲು ಸಾಲಾಗಿ ಓದಿದರು. “ತಡಿ ಮಾರಾಯ, ಮೀಥೇನ್ ಎಲ್ಲಿ ಹೋಯ್ತು?” ಅಂತ ಅವರು ಬೆರಳಿಟ್ಟಲ್ಲೆಲ್ಲ ಕೈಯಾರೆ ತಿದ್ದಿದೆ. ಮಧ್ಯೆ ಕರೆಂಟ್ ಹೋಗುತ್ತಿತ್ತು, ಬರುತ್ತಿತ್ತು. ವಿಷಯ ಗೊತ್ತಿದ್ದವರ ಕಣ್ಣು ಬೀಳದೆ ಇಂಥ ಕೆಲಸ ಮುಗಿಯಿತು ಅನ್ನಲೇಬಾರದು.

ಇನ್ನೊಂದು ಲಿಂಕ್‌ಗಳ ವಿಷಯ. ಹಳೇ ವಿಳಾಸದಲ್ಲಿ ‘ನೋಡ್’ ಅಂತ ಬಂದು ಒಂದು ನಂಬರ್, ಹೊಸದರಲ್ಲಿ ಪಾಠದ ಹೆಸರು. ಹೊಸನಗರ, ಸಾಗರ ಕಡೆಯ ಶಾಲೆಗಳಲ್ಲಿ ಹಳೇ ವಿಳಾಸದ ಕ್ಯೂಆರ್ ಕೋಡನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದಾರೆ. ಗುಡ್ಡ ಹತ್ತಿದರೆ ಮಾತ್ರ ನೆಟ್‌ವರ್ಕ್ ಸಿಗುವ ಊರಿನ ಹುಡುಗಿಗೆ ‘ಪುಟ ಸಿಗಲಿಲ್ಲ’ ಅಂತ ತೋರಿಸೋದು ಅನ್ಯಾಯ ಅಲ್ವಾ? ಪ್ರತಿ ಹಳೇ ವಿಳಾಸಕ್ಕೂ 301 ರೀಡೈರೆಕ್ಟ್ ಹಾಕಿದೆವು. ಪುಟ ಕಾಯಮ್ಮಾಗಿ ಇಂಥಲ್ಲಿಗೆ ಹೋಗಿದೆ ಅಂತ ಅದು ಬ್ರೌಸರಿಗೂ ಗೂಗಲ್‌ಗೂ ಹೇಳುತ್ತದೆ.

“ಸರ್, ಗೋಡೆ ಮೇಲಿನ ಕೋಡ್ ಓಪನ್ ಆಗ್ತಾ ಇದೆ, ಬೇರೆ ಅಂಟಿಸೋದು ಬೇಡ ಅಲ್ವಾ?” ಅಂತ ಟೀಚರ್ ಒಬ್ಬರು ಫೋನ್ ಮಾಡಿದರು. ಬೇಡ ಮೇಡಂ ಅಂದೆ. ತುಂಬಾ ಖುಷಿಯಾಯ್ತು.

ಸ್ಕ್ಯಾನ್ ಮಾಡಿದ ಹಳೇ ಪ್ರಶ್ನೆಪತ್ರಿಕೆಗಳು ಮಾತ್ರ ಇನ್ನೂ ಚಿತ್ರಗಳಾಗಿಯೇ ಇವೆ, ಅದರೊಳಗಿನ ಪ್ರಶ್ನೆ ಹುಡುಕಿದರೆ ಸಿಗೋದಿಲ್ಲ. ದಸರಾ ರಜೆಯಲ್ಲಿ ಅದಕ್ಕೆ ಕೈ ಹಾಕುತ್ತೇವೆ, ಮೇಷ್ಟ್ರೂ ಬರ್ತೀನಿ ಅಂದಿದ್ದಾರೆ.