ಡೋಣಿ ದಾಟಿದ ಮೇಲೆ ಸಿಹಿನೀರು

"ಈ ಸಲ ಬ್ಯಾಸಗ್ಯಾಗ ಬಾ, ನೀರಿಗಿ ಹೆದರಬ್ಯಾಡ" ಎಂದು ಚಿಗವ್ವ ಫೋನಿನಲ್ಲಿ ಅಂದಾಗ ನಗು ಬಂತು. ಆ ಊರಿಗೆ ಹೋಗುವುದಿದ್ದರೆ ಶ್ರಾವಣದಿಂದ ಸಂಕ್ರಾಂತಿಯೊಳಗೆ ಹೋಗಿ ಬರಬೇಕು ಎಂಬುದು ನಮ್ಮ ಮನೆಯಲ್ಲಿ ಬರೆಯದ ಕಾನೂನಾಗಿತ್ತು. ಬೇಸಿಗೆಯಲ್ಲಿ ಬಂದ ಬೀಗರಿಗೆ ರೊಟ್ಟಿ ಬಡಿದು ಹಾಕಬಹುದು, ಕೈ ತೊಳೆಯಲು ನೀರು ಎಲ್ಲಿಂದ ತರುವುದು? ಹತ್ತು ವರ್ಷದವನಿದ್ದಾಗ ಒಮ್ಮೆ ಆಡುತ್ತ ಓಡಿ ಬಂದು ತುಂಬಿದ ಕೊಡ ಉರುಳಿಸಿದ್ದೆ. ನನ್ನನ್ನು ಎತ್ತಿ ಆಡಿಸಿದ ಚಿಗವ್ವ ಬೆನ್ನಿಗೆ ಒಂದು ಬಿಗಿದು, ಆಮೇಲೆ ತಾನೇ ಅತ್ತಿದ್ದಳು. ಆ ಕೊಡ ಬಂದದ್ದು ಒಂದೂವರೆ ಕಿಲೋಮೀಟರ್ ಆಚೆಯ ತೋಟದ ಬಾವಿಯಿಂದ.

ಯುಗಾದಿ ಮುಗಿದ ವಾರ ಹೊರಟೆ. ವಿಜಯಪುರದಲ್ಲಿ ರೈಲು ಇಳಿದಾಗ ಬಸ್ಸಿಗೆ ಇನ್ನೂ ಎರಡು ತಾಸಿತ್ತು. ಗೋಳಗುಮ್ಮಟದ ಮುಂದಿನ ಸಾಲು ನೋಡಿ ಆಟೋದವನಿಗೆ ತಾಜ್ ಬಾವಡಿಗೆ ಬಿಡಲು ಹೇಳಿದೆ. "ಅಲ್ಲೇನ್ ಐತ್ರಿ ಸರ್, ನೀರ ಐತಿ" ಅಂದ. ನನಗೆ ಬೇಕಾದದ್ದೂ ಅದೇ ಆಗಿತ್ತು. ಎರಡನೇ ಇಬ್ರಾಹಿಂ ಆದಿಲ್‌ಶಾಹಿ ತನ್ನ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ 1620ರಲ್ಲಿ ಕಟ್ಟಿಸಿದ ಬಾವಿ ಅದು. ದೊಡ್ಡ ಕಮಾನಿನಡಿ ನಿಂತು ಇಣುಕಿದರೆ ಬಿಸಿಲಿನ ಊರಿನ ನಡುವೆ ಇಷ್ಟು ನೀರೇ ಎಂದು ಕಣ್ಣು ತಂಪಾಗುತ್ತದೆ. ಕುಡಿಯುವ ಹಾಗಿಲ್ಲ ಎನ್ನುವುದು ಬೇರೆ ಮಾತು.

ಬಾವಡಿಗಿಂತ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಇಲ್ಲಿನ ಗಂಜ್‌ಗಳು. ಊರೊಳಗೆ ಅಲ್ಲಲ್ಲಿ 25ರಿಂದ 40 ಅಡಿ ಎತ್ತರದ ಕಲ್ಲಿನ ಗೋಪುರಗಳು ನಿಂತಿವೆ. ಅವುಗಳ ಬುಡದಲ್ಲಿ ಈಗ ಪಾನ್ ಅಂಗಡಿಗಳಿವೆ, ತಲೆಯ ಮೇಲೆ ಪಾರಿವಾಳಗಳಿವೆ, ತಲೆ ಎತ್ತಿ ನೋಡುವವರು ಕಡಿಮೆ. ತೊರವಿ ಕಡೆಯಿಂದಲೂ, 1651ರಲ್ಲಿ ಮುಹಮ್ಮದ್ ಆದಿಲ್‌ಶಾಹಿ ಕಟ್ಟಿಸಿದ ಬೇಗಂ ತಲಾಬ್ ಕೆರೆಯಿಂದಲೂ ಮಣ್ಣಿನ ಕೊಳವೆಯಲ್ಲಿ ಇಳಿಜಾರು ಹಿಡಿದು ಬರುವ ನೀರು ಹಾಗೇ ಬಿಟ್ಟರೆ ಕೊಳವೆಯನ್ನೇ ಒಡೆಯುತ್ತಿತ್ತು. ಅದಕ್ಕೇ ಅದನ್ನು ಗೋಪುರದ ತಲೆಗೆ ಏರಿಸಿ, ಅಲ್ಲಿನ ತೊಟ್ಟಿಯಲ್ಲಿ ಸೊಕ್ಕು ಇಳಿಸಿ, ಕೆಸರು ತಳಕ್ಕೆ ಕೂತ ಮೇಲೆ ಮುಂದಿನ ಓಣಿಗೆ ಬಿಡುತ್ತಿದ್ದರು. ಚಿಗವ್ವನ ಊರು ಮುಟ್ಟುವ ಹೊತ್ತಿಗೆ ಈ ಗಂಜ್ ಮತ್ತೆ ನೆನಪಾಗುತ್ತದೆ ಎಂದು ಆಗ ಅಂದುಕೊಂಡಿರಲಿಲ್ಲ.

ಬಬಲೇಶ್ವರದ ಬಸ್ಸಿನಲ್ಲಿ ಹೆಣ್ಣುಮಕ್ಕಳೆಲ್ಲ ಆಧಾರ್ ಕಾರ್ಡ್ ತೋರಿಸಿ ಕೂತಿದ್ದರು. ಟಿಕೆಟ್ಟಿಗೆ ರೊಕ್ಕ ಕೊಟ್ಟ ನಾವು ಗಂಡಸರು ನಿಂತಿದ್ದೆವು. ಸಾರವಾಡದ ಹತ್ತಿರ ಡೋಣಿ ಬಂತು. ಮಳೆಗಾಲದಲ್ಲಿ ಸೇತುವೆ ಮುಳುಗಿಸಿ ಹೊಲ ನುಂಗುವ ಇದೇ ಹೊಳೆ ಈಗ ಜಾಲಿಗಿಡಗಳ ನಡುವೆ ಕೊಚ್ಚೆಯ ಗೆರೆಯಾಗಿ ಮಲಗಿತ್ತು. ಪಕ್ಕದ ಅಜ್ಜಾರು ರೂಢಿಯ ಮಾತು ಹೇಳಿದರು: "ಡೋಣಿ ಹರದ್ರ ಓಣೆಲ್ಲಾ ಜ್ವಾಳ." ಒಂದು ಕ್ಷಣ ಬಿಟ್ಟು ತಾವೇ ಸೇರಿಸಿದರು: "ಜ್ವಾಳ ಕೊಡ್ತೈತ್ರಿ, ಆದ್ರ ಬಾಯಾಗ ಒಂದ್ ಗುಟುಕ ನೀರ ಹಾಕಂಗಿಲ್ಲ." ಡೋಣಿ ಉಪ್ಪು ನೀರಿನ ಹೊಳೆ. ಸುತ್ತಲಿನ ಎರೆ ಭೂಮಿಯ ಬೋರ್‌ವೆಲ್ಲುಗಳದ್ದೂ ಬಹುಪಾಲು ಅದೇ ರುಚಿ. ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬರುವುದಿಲ್ಲ, ಚಹಾ ಕುಡಿದರೆ ಯಾರೋ ಉಪ್ಪಿನ ಡಬ್ಬಿಗೆ ಕೈ ಹಾಕಿದ ಹಾಗಿರುತ್ತದೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರೀಜಿ ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟು ಇದೇ ಜಿಲ್ಲೆಯಲ್ಲಿದೆ. ಅಲ್ಲಿ 123 ಟಿಎಂಸಿ ನೀರು ನಿಲ್ಲುವಾಗಲೂ ಈ ಕಡೆಯ ಹೆಂಗಸರು ಕೊಡ ಹೊತ್ತು ತೋಟದ ಬಾವಿಗೆ ಹೋಗುತ್ತಿದ್ದರು.

ಈಚಿನ ವರ್ಷಗಳಲ್ಲಿ ಕೃಷ್ಣೆಯ ನೀರನ್ನು ಎತ್ತಿ ಕೆರೆ ತುಂಬಿಸಲು ಶುರುವಾದ ಮೇಲೆ ಚಿತ್ರ ಬದಲಾಗಿದೆ. ಮಮದಾಪುರದ ಆದಿಲ್‌ಶಾಹಿ ಕಾಲದ ದೊಡ್ಡ ಕೆರೆಯಲ್ಲಿ ಏಪ್ರಿಲ್ ತಿಂಗಳಲ್ಲಿ ನೀರು ಹೊಳೆಯುವುದನ್ನು ನಾನು ಚಿಕ್ಕವನಿದ್ದಾಗ ಕಂಡ ನೆನಪಿಲ್ಲ. ದಂಡೆಯ ಮೇಲೆ ಎಮ್ಮೆ ಕಾಯುವ ಹುಡುಗ ಮೊಬೈಲು ನೋಡುತ್ತ ಕೂತಿದ್ದ, ಎಮ್ಮೆಗಳು ಕೊರಳ ಮಟ ನೀರಲ್ಲಿ ಇದ್ದವು. ಇಬ್ಬರೂ ಸುಖವಾಗಿದ್ದರು.

ಚಿಗವ್ವನ ಊರಿಗೆ ಮುಟ್ಟಿದಾಗ ಮಧ್ಯಾಹ್ನ. ಓಣಿ ತುಂಬ ಬಿಳಿಜೋಳದ ಕಣಕಿಯ ಬಣವೆಗಳು. ಊಟಕ್ಕೆ ಕೂತಾಗ ಚಿಗವ್ವ ತಂಬಿಗೆ ತುಂಬ ನೀರು ಕೊಟ್ಟು ಬಚ್ಚಲ ತೋರಿಸಿ, "ಮಾರಿ ತೊಳಕೋ, ಕಾಲೂ ತೊಳಕೋ" ಅಂದಳು. ಆ ದನಿಯಲ್ಲಿ ಸ್ವಲ್ಪ ಗತ್ತು ಇತ್ತು.

ಸಂಜೆ ಕಾಕಾ ಜೊತೆ ಊರು ಸುತ್ತಿದೆ. ಮನೆಯ ಮುಂದೆ ಗೇಣುದ್ದದ ಕಂಬ, ಅದಕ್ಕೊಂದು ನಳ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್, ನಮ್ಮಲ್ಲಿ 'ಮನೆ ಮನೆಗೆ ಗಂಗೆ' ಎಂದು ಬಂದದ್ದು. ತಲೆಗೆ ದಿನಕ್ಕೆ 55 ಲೀಟರ್ ಎಂಬುದು ಅದರ ಲೆಕ್ಕ. ಕಾಕಾ ಲೀಟರು ಬಿಟ್ಟು "ನಾಕ್ ಕೊಡಕ್ಕ ಒಂದ್ ತುಸು ಕಮ್ಮಿ" ಅಂದರು. ಊರೊಳಗಿನ ಕೆಲಸದ ಖರ್ಚಿನಲ್ಲಿ ನೂರಕ್ಕೆ ಹತ್ತು ಊರವರೇ ಹಾಕಬೇಕು, ರೊಕ್ಕವಾಗಲಿ, ಸಾಮಾನಾಗಲಿ, ಮೈಮುರಿದ ದುಡಿಮೆಯಾಗಲಿ. ಅದಕ್ಕಾಗಿ ಹಣಮಪ್ಪನ ಗುಡಿಯಲ್ಲಿ ಕೂಡಿದ ಸಭೆಯ ಕಥೆಯನ್ನು ಕಾಕಾ ಕುಸ್ತಿಯ ಕಥೆಯ ಹಾಗೆ ಹೇಳಿದರು. ಮೇಲಿನ ಓಣಿಯವರು "ನೀರ ಬಂದ ಮ್ಯಾಲ ಕೊಡ್ತೀವಿ" ಅಂದರು. ಕೆಳಗಿನ ಓಣಿಯವರು "ಕೊಟ್ಟ ಮ್ಯಾಲ ಬರ್ತೈತಿ" ಅಂದರು. ಎರಡು ದಶಕದ ಹಿಂದೆ ವಿಶ್ವಬ್ಯಾಂಕ್ ನೆರವಿನ ಜಲನಿರ್ಮಲ ಯೋಜನೆ ಬಂದಾಗಲೂ ಪಟ್ಟಿ ಎತ್ತಿದ್ದರಂತೆ. ಆಗ ಕೊಟ್ಟವರು ಆ ಪೈಪು ಈಗ ಎಲ್ಲಿದೆ ಎಂದು ಎದ್ದು ಕೇಳಿದರು. ಉತ್ತರ ಯಾರ ಹತ್ತಿರವೂ ಇರಲಿಲ್ಲ. ಕೊನೆಗೆ ರೊಕ್ಕ ಕೊಡಲಾಗದವರು ತಮ್ಮ ಮನೆ ಮುಂದಿನ ತಗ್ಗು ತಾವೇ ತೋಡುವುದೆಂದು ಆಯಿತು.

ನೀರು ಬಂತು, ಹೊಸ ಜಗಳವೂ ಬಂತು. ಟಾಕಿ ಇರುವುದು ಶಾಲೆಯ ದಿಬ್ಬದ ಮೇಲೆ. ಕೆಳಗಿನ ಓಣಿಗೆ ನೀರು ದಬದಬ ಬೀಳುತ್ತದೆ, ದಿಬ್ಬದ ಬಗಲಿನ ಮೇಲಿನ ಓಣಿಯಲ್ಲಿ ನಳ ಬರೀ ಉಸಿರು ಬಿಡುತ್ತದೆ. ಅಲ್ಲಿ ನನಗೆ ಗಂಜ್ ನೆನಪಾದದ್ದು. ಇಳಿಜಾರಿನ ನೀರಿಗೆ ನಡುವೆ ತಡೆ ಬೇಕೆಂಬುದು ನಾನೂರು ವರ್ಷದ ಹಿಂದೆ ಗೊತ್ತಿತ್ತು. ಈ ಊರಿನ ನಕ್ಷೆ ಬರೆದವರು ದಿಬ್ಬ ಹತ್ತಿ ನೋಡಿದ ಹಾಗೆ ಕಾಣಲಿಲ್ಲ. ಮೇಲಿನವರು ನಳಕ್ಕೆ ಮೋಟಾರ್ ಹಚ್ಚಿ ಎಳೆದರು, ಕೆಳಗಿನವರೂ ಹಚ್ಚಿದರು. ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರಿರಬೇಕೆಂಬ ನಿಯಮವಿದೆಯಲ್ಲ, ಅದು ಇಲ್ಲಿ ಕೆಲಸಕ್ಕೆ ಬಂತು. ನೀರು ಬಿಡುವ ಹೊತ್ತಿಗೆ ಇಬ್ಬರು ಅಕ್ಕಾರು ಓಣಿಯಲ್ಲಿ ನಡೆಯುತ್ತಾರೆ, ಮೋಟಾರಿನ ಸಪ್ಪಳ ಕೇಳಿದರೆ ಸೀದಾ ಒಳಗೆ. ಸಿಕ್ಕ ಮೋಟಾರು ಅಮಾವಾಸ್ಯೆಯ ತನಕ ಗುಡಿಯ ಕಟ್ಟೆಯ ಮೇಲೆ ಕೂರುತ್ತದೆ. ನಾನು ಹೋದಾಗಲೂ ಒಂದು ಕೂತಿತ್ತು, ಯಾರೋ ಅದಕ್ಕೆ ಕುಂಕುಮವನ್ನೂ ಹಚ್ಚಿದ್ದರು. ಈಗ ಮೇಲಿನ ಓಣಿಗೆ ಮೊದಲು ನೀರು, ಆಮೇಲೆ ವಾಲ್ವ್ ತಿರುಗಿಸಿ ಕೆಳಗೆ.

ಅಂಗನವಾಡಿಯ ಪಡಸಾಲೆಯಲ್ಲಿ ಒಬ್ಬ ಅಕ್ಕಾರು ನೀರು ಪರೀಕ್ಷಿಸುವ ಪೆಟ್ಟಿಗೆ ಬಿಚ್ಚಿ ತೋರಿಸಿದರು. ಊರಿಗೆ ಐದು ಮಂದಿ ಹೆಂಗಸರಿಗೆ ತರಬೇತಿ ಕೊಡುವ ಪದ್ಧತಿ ಇದೆ, ಇವರು ಅವರಲ್ಲಿ ಒಬ್ಬರು. ನಳದ ನೀರಿಗೆ ಔಷಧಿಯ ಹನಿ ಬಿಟ್ಟರು, ತೆಳು ಹಳದಿ ಬಂತು. ಹಳದಿ ಬಂದರೆ ಬ್ಲೀಚಿಂಗಿನ ಕ್ಲೋರಿನ್ ನೀರಿನಲ್ಲಿ ಇನ್ನೂ ಉಳಿದಿದೆ ಎಂದು ಅರ್ಥ, ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಯಬೇಕು. ಆಮೇಲೆ ಕಿಟಕಿಯ ಮೇಲಿಟ್ಟಿದ್ದ ಪುಟ್ಟ ಬಾಟಲಿ ಇಳಿಸಿದರು. ಒಳಗಿನ ನೀರು ಇದ್ದಿಲು ಅರೆದು ಕಲಸಿದ ಹಾಗೆ ಕಪ್ಪಾಗಿತ್ತು.

"ಇದು ಹೋದ ಮಳಿಗಾಲದ್ದು ರೀ. ಚೆಲ್ಲಿಲ್ಲ, ತೋರಸಾಕ ಇಟ್ಟೀನಿ."

ನೀರು ತುಂಬಿ ಒಂದೆರಡು ದಿನ ಬೆಚ್ಚಗೆ ಇಟ್ಟರೆ, ಚರಂಡಿಯ ಹೊಲಸು ಸೇರಿದ್ದರೆ ಬಾಟಲಿ ಕಪ್ಪಾಗುತ್ತದೆ. ಆಗ ಟಾಕಿಯ ನೀರು ಕಪ್ಪಾಗಲಿಲ್ಲ, ವಾಲ್ವಿನ ಹತ್ತಿರದ್ದೂ ಆಗಲಿಲ್ಲ, ತಳವಾರ ಓಣಿಯ ಮೂರು ಮನೆಗಳದ್ದು ಮಾತ್ರ ಆಯಿತು. ನಡುವೆ ಎಲ್ಲೋ ತಪ್ಪಿದೆ ಎಂದು ಗುದ್ದಲಿ ಹಿಡಿದು ಹುಡುಕಿದರೆ, ಗಟಾರದ ಅಡಿಯಲ್ಲಿ ಪೈಪಿನ ಜೋಡಣೆ ಬಿಚ್ಚಿತ್ತು. ನೀರು ಬಿಡದ ಹೊತ್ತಿನಲ್ಲಿ ಗಟಾರ ಒಳಕ್ಕೆ ಜಿನುಗುತ್ತಿತ್ತು. ಆ ವಾರ ಎಷ್ಟು ಮಂದಿ ವಾಂತಿ ಭೇದಿಯಿಂದ ತಪ್ಪಿಸಿಕೊಂಡರೋ, ಲೆಕ್ಕ ಇಡುವವರು ಯಾರು. ಪೈಪು ಮಾತ್ರ ಈಗ ಗಟಾರದ ಮೇಲಿಂದ ಕಬ್ಬಿಣದ ಕೊಳವೆಯೊಳಗೆ ದಾಟಿದೆ. ಅಕ್ಕಾರು ಓದಿದ್ದು ಏಳನೇ ಇಯತ್ತೆ.

ಕುಡಿಯಲು ಮಾತ್ರ ಇನ್ನೂ ಅನೇಕರು ಶುದ್ಧ ನೀರಿನ ಘಟಕಕ್ಕೇ ಹೋಗುತ್ತಾರೆ. ಐದು ರೂಪಾಯಿಯ ಬಿಲ್ಲೆ ಹಾಕಿದರೆ 20 ಲೀಟರಿನ ಕ್ಯಾನು ತುಂಬುತ್ತದೆ. ನಡೆಸುವುದು ಸ್ತ್ರೀಶಕ್ತಿ ಸಂಘ. ದಿನದ ಬಿಲ್ಲೆಗಳನ್ನು ಎಣಿಸಿ ಬರೆಯುವ ಒಂದು ನೂರು ಪುಟದ ನೋಟ್‌ಬುಕ್ ಮೊಳೆಗೆ ತೂಗುಹಾಕಿದೆ, ಯಾರು ಬೇಕಾದರೂ ತೆರೆದು ನೋಡಬಹುದು. ನೀರು ಸೋಸುವ ಮೆಂಬ್ರೇನ್ ಬದಲಿಸಲು ಎಷ್ಟು ಕೂಡಿದೆ ಎಂದು ಕೊನೆಯ ಪುಟದಲ್ಲಿದೆ. ಬೋರಿನ ಫ್ಲೋರೈಡು, ಗಡಸುತನ ಈ ಯಂತ್ರ ತೆಗೆಯುತ್ತದೆ ನಿಜ, ಆದರೆ ಒಂದು ಕ್ಯಾನು ಸಿಹಿನೀರಿಗೆ ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು ಸವಳು ನೀರು ಹೊರಗೆ ಬೀಳುತ್ತದೆ. ಮೊದಲು ಪಕ್ಕದ ಹೊಲಕ್ಕೆ ಬಿಟ್ಟಿದ್ದರಂತೆ, ಮಣ್ಣು ಬೆಳ್ಳಗಾದಾಗ ಹೊಲದವರು ಬಡಿಗೆ ಹಿಡಿದು ಬಂದರು. ಈಗ ತೊಟ್ಟಿ ಕಟ್ಟಿ ಪಾತ್ರೆ ತಿಕ್ಕಲು ಬಳಸುತ್ತಾರೆ. ಕೃಷ್ಣೆಯ ನೀರು ಶೋಧಿಸಿ ಮನೆಗೇ ಬರುವಾಗ ಬೋರು ಹಿಂಡುವ ಈ ಯಂತ್ರ ಎಷ್ಟು ದಿನ ಬೇಕು ಎಂದು ಕೇಳಿದೆ. "ನಳ ವರ್ಷಗಟ್ಲೆ ತಪ್ಪದ ಬರ್ಲಿ, ಆಮ್ಯಾಲ ನೋಡೂಣು" ಅಂದರು.

ಮರುದಿನ ಪಕ್ಕದ ಊರಿನಲ್ಲಿ ಅಂಥದೇ ಘಟಕ ನೋಡಿದೆ. ಅದೇ ನೀಲಿ ಬಣ್ಣ, ಅದೇ ಬಿಲ್ಲೆ ಹಾಕುವ ಸೀಳು. ಬಾಗಿಲಿಗೆ ಬೀಗ, ಬೀಗಕ್ಕೆ ತುಕ್ಕು, ಒಳಗೆ ಹೇಂಟೆ ಮರಿ ಮಾಡಿತ್ತು. ಕೀಲಿ ಯಾರ ಹತ್ತಿರ ಎಂದು ಕೇಳಿದರೆ ಒಬ್ಬರು ಇನ್ನೊಬ್ಬರ ಹೆಸರು ಹೇಳಿದರು, ಆ ಇನ್ನೊಬ್ಬರು ಪುಣೆಗೆ ದುಡಿಯಲು ಹೋಗಿ ಎರಡು ವರ್ಷ ಆಗಿತ್ತು. ನೋಟ್‌ಬುಕ್ಕಿನ ಬಗ್ಗೆ ಕೇಳುವ ಮನಸ್ಸಾಗಲಿಲ್ಲ.

ಹೊರಡುವ ದಿನ ನಸುಕಿಗೆ ಎದ್ದೆ. ಕತ್ತಲಲ್ಲಿ ಚಪ್ಪಲಿ ಹುಡುಕುತ್ತ ಕಾಲು ಚಾಚಿದರೆ ಹೊರಸಿನ ಅಡಿಯಲ್ಲಿ ಏನೋ ತಗುಲಿ ಉರುಳಿತು. ಲೈಟು ಹಾಕಿ ನೋಡಿದರೆ ಕೊಡ. ಅದರ ಹಿಂದೆ ಇನ್ನೂ ನಾಲ್ಕು, ತುಂಬಿ, ಮೇಲೆ ತಾಟು ಮುಚ್ಚಿ, ಸಾಲಾಗಿ. ಮನೆ ಮುಂದೆ ನಳ ಬಂದು ಮೂರು ವರ್ಷ ಆಗಿದೆ.

ಸಪ್ಪಳಕ್ಕೆ ಚಿಗವ್ವ ಬಂದಳು. ನಾನು ಹತ್ತು ವರ್ಷದವನ ಹಾಗೆ ಗೋಡೆಗೆ ಒತ್ತಿ ನಿಂತಿದ್ದೆ. ಅವಳು ಏನೂ ಅನ್ನಲಿಲ್ಲ. ಹಳೆ ಸೀರೆಯ ತುಂಡು ತಂದು ನೆಲದ ನೀರನ್ನು ಅದರಲ್ಲಿ ಹೀರಿ ಹೀರಿ ಬಕೆಟ್ಟಿಗೆ ಹಿಂಡಿದಳು, ಕೊನೆಯ ಹನಿಯವರೆಗೂ. ಬಕೆಟ್ಟು ಒಯ್ದು ತುಳಸಿಕಟ್ಟೆಗೆ ಸುರಿದಳು. ಆಮೇಲೆ ಕೊಡ ಬೆಳಗಿ ನಳದ ಕೆಳಗೆ ಹಿಡಿದು ನಿಂತು, "ಇಂದ ನಮ್ಮ ಓಣಿ ಪಾಳಿ, ಆರಕ್ಕ ಬಿಡ್ತಾರ" ಎಂದಳು.

ಐದೂಮುಕ್ಕಾಲಾಗಿತ್ತು.