ಆ ಊರಿನಲ್ಲಿ ನೋಡುವುದಕ್ಕೆ ಏನಿತ್ತು?

‘ಪ್ಯಾರಿಸ್ಸಿನವರೆಗೆ ಹೋಗಿ, ಏನೂ ಇಲ್ಲದ ಹಳ್ಳಿಯಲ್ಲಿ ಒಂದು ದಿನ ಕಳೆದಿರಂತಲ್ಲ, ಅಲ್ಲಿ ನೋಡುವುದಕ್ಕೆ ಏನಿತ್ತು?’ ಎಂಬ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಇನ್ನು ಕೇಳುವವರು ಇದನ್ನು ಓದಿಕೊಳ್ಳಲಿ.

ಆ ಹಳ್ಳಿಯ ಹೆಸರು ಫ್ಲೆರಿ. ಈಶಾನ್ಯ ಫ್ರಾನ್ಸಿನ ವೆರ್ಡನ್ ಪಟ್ಟಣದ ಸಮೀಪದಲ್ಲಿರುವ ಈ ಊರಿನಲ್ಲಿ ಮೊದಲನೆಯ ಮಹಾಯುದ್ಧಕ್ಕೆ ಮುನ್ನ 422 ಜನರಿದ್ದರು. 1916ರ ಫೆಬ್ರವರಿಯಲ್ಲಿ ಜರ್ಮನ್ ಸೇನೆಯ ದಾಳಿ ಆರಂಭವಾದಾಗ ಅವರೆಲ್ಲ ಮನೆ ಬಿಟ್ಟು ಹೊರಟರು. ಆ ಬೇಸಿಗೆಯಲ್ಲಿ ಊರು ಹದಿನಾರು ಬಾರಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಿ, ಕೊನೆಗೆ ಒಂದು ಗೋಡೆಯೂ ನಿಲ್ಲಲಿಲ್ಲ. ಸಿಡಿಯದ ಗುಂಡುಗಳೂ ಹೆಣಗಳೂ ತುಂಬಿದ್ದ ಆ ನೆಲವನ್ನು ಯುದ್ಧಾನಂತರ ಸರ್ಕಾರ ‘ಕೆಂಪು ವಲಯ’ಕ್ಕೆ ಸೇರಿಸಿದ್ದರಿಂದ ಊರನ್ನು ಮತ್ತೆ ಕಟ್ಟಲಾಗಲಿಲ್ಲ.

ನನ್ನನ್ನು ಕೆರಳಿಸುವುದು ‘ಏನೂ ಇಲ್ಲದ’ ಎಂಬ ಮಾತು. ಗೃಹಪ್ರವೇಶವೊಂದರ ಊಟದ ಪಂಕ್ತಿಯಲ್ಲಿ ನನ್ನ ಹೆಂಡತಿಯ ತಮ್ಮ ಮೊಬೈಲಿನಲ್ಲಿ ಆ ಚಿತ್ರಗಳನ್ನು ನೋಡುತ್ತ, ‘ಬರೀ ಹುಲ್ಲು, ಗುಂಡಿ. ಇದಕ್ಕೆ ಒಂದು ದಿನವೇ, ಭಾವ?’ ಎಂದು ಐಫೆಲ್ ಗೋಪುರದವರೆಗೆ ಬೆರಳಾಡಿಸಿಬಿಟ್ಟ. ಎಲೆಯ ಮುಂದೆ ಜಗಳವಾಡಬಾರದೆಂದು ಸುಮ್ಮನಿದ್ದೆ. ಆದರೆ ಗುಂಡು ಬಿದ್ದು ಉಬ್ಬುತಗ್ಗಾದ ಆ ನೆಲದಲ್ಲಿ, ಬ್ರೆಡ್ ಸುಡುವವನ ಮನೆ ಎಲ್ಲಿತ್ತು, ಕಮ್ಮಾರನ ಕುಲುಮೆ ಎಲ್ಲಿತ್ತು, ಶಾಲೆ ಎಲ್ಲಿತ್ತು ಎಂದು ತಿಳಿಸುವ ಗುರುತಿನ ಕಂಬಗಳನ್ನು ನೆಟ್ಟಿದ್ದಾರೆ. ಚರ್ಚು ಇದ್ದ ಜಾಗದಲ್ಲಿ ಪುಟ್ಟ ಪ್ರಾರ್ಥನಾ ಮಂದಿರವಿದೆ. ಬೀದಿಯಿದ್ದ ಕಡೆ ಈಗ ಕಾಲುದಾರಿಯಿದೆ. ಅದರಲ್ಲಿ ನಡೆದವರಿಗೆ ಊರಿನ ಅಳತೆ ಕಾಲಿಗೇ ಸಿಗುತ್ತದೆ.

‘ಆ ಊರಿಗೆ ಮೇಯರ್ ಯಾರು?’ ಎಂದು ಮಾತ್ರ ಇದುವರೆಗೆ ಒಬ್ಬರೂ ಕೇಳಿಲ್ಲ. ವೆರ್ಡನ್ ಸುತ್ತಮುತ್ತ ಹೀಗೆ ನಾಶವಾದ ಹಳ್ಳಿಗಳು ಒಂಬತ್ತು. ಫ್ಲೆರಿಯೂ ಸೇರಿ ಆರರಲ್ಲಿ ಇಂದಿಗೂ ಜನವಸತಿಯಿಲ್ಲ. ಆದರೂ ‘ಫ್ರಾನ್ಸಿಗಾಗಿ ಮಡಿದ’ ಊರುಗಳೆಂದು ಗೌರವಿಸಿ, ಅವುಗಳ ಹೆಸರನ್ನು ದಾಖಲೆಗಳಿಂದ ತೆಗೆದುಹಾಕದೆ ಉಳಿಸಿಕೊಂಡಿದ್ದಾರೆ. ಮತದಾರರಿಲ್ಲದ್ದರಿಂದ ಚುನಾವಣೆಯಿಲ್ಲ, ಸರ್ಕಾರದ ಪ್ರತಿನಿಧಿಯಾದ ಪ್ರಿಫೆಕ್ಟ್ ಮೇಯರನ್ನು ನೇಮಿಸುತ್ತಾರೆ. ಊರಿನ ನೆನಪನ್ನು ಕಾಯುವುದೇ ಆ ಮೇಯರ್ ಮಾಡುವ ಮುಖ್ಯ ಕೆಲಸ. ಅಂಥ ಕೆಲಸಕ್ಕೆ ಒಬ್ಬರನ್ನು ನೂರು ವರ್ಷಗಳಾದ ಮೇಲೂ ನೇಮಿಸುತ್ತಲೇ ಇರುವ ವ್ಯವಸ್ಥೆಯನ್ನು ಕಂಡು ನನಗೆ ಗಂಟಲು ಕಟ್ಟಿತು.

ಆ ಚಿತ್ರಗಳು ಇನ್ನೂ ನನ್ನ ಮೊಬೈಲಿನಲ್ಲಿವೆ. ಮುಂದಿನ ಸಲ ಅದನ್ನು ಯಾರ ಕೈಗೂ ಕೊಡದೆ, ನಾನೇ ಹಿಡಿದುಕೊಂಡು, ಇದು ಶಾಲೆ, ಇದು ಕುಲುಮೆ, ಇದು ಬ್ರೆಡ್ ಸುಡುವವನ ಮನೆ ಎಂದು ಒಂದೊಂದಾಗಿ ತೋರಿಸುತ್ತೇನೆ.